ಬಸವನ ಹುಳುವಿನ ಬೆನ್ನೇರಿ ಬರುವ ರೋಗಾಣು

ಬಸವನ ಹುಳುವನ್ನು ತಿನ್ನುತ್ತಾರೆ ಎಂದರೆ ಮೂಗು ಮುರಿಯುವವರೇ ನಮ್ಮಲ್ಲಿ ಹೆಚ್ಚು. ಆದರೆ ಫ್ರಾನ್ಸಿನಲ್ಲಿ ಅದು ಹಬ್ಬದೂಟದ ತಿನಿಸು. ಇಟಲಿ, ಸ್ಪೇನ್, ಗ್ರೀಸ್‌ಗಳಲ್ಲಿ ಸಂತೆಯ ಸರಕು. ನೈಜೀರಿಯಾ, ಘಾನಾದ ಮಾರುಕಟ್ಟೆಗಳಲ್ಲಿ ಮೀನು-ಮಾಂಸದ ಸಾಲಿನಲ್ಲೇ ಅದರ ಬುಟ್ಟಿಗೂ ಜಾಗವಿದೆ. ಅಷ್ಟು ದೂರ ಏಕೆ? ಮಣಿಪುರದ ಅಡುಗೆಮನೆಯಲ್ಲಿ ಅದು ‘ಥರೋಯ್’. ತುಳುನಾಡಿನ ಗದ್ದೆ, ತೋಡುಗಳಲ್ಲಿ ಸಿಗುವ ‘ನರ್ತೆ’ಯ ಸಾರಿನ ರುಚಿ ಬಲ್ಲವರು ಇಂದಿಗೂ ಇದ್ದಾರೆ.

ತಿನ್ನುವವರು ಇದ್ದಲ್ಲಿ ಸಾಕುವವರೂ ಇರುತ್ತಾರೆ. ಕೋಳಿಯಂತೆ ಕೂಗುವುದಿಲ್ಲ, ಹಸುವಿನಂತೆ ಎಕರೆಗಟ್ಟಲೆ ಹುಲ್ಲು ಕೇಳುವುದಿಲ್ಲ. ನೂರು ಗ್ರಾಂ ಬಸವನ ಹುಳುವಿನ ಮಾಂಸದಲ್ಲಿ ಸುಮಾರು 16 ಗ್ರಾಂ ಪ್ರೋಟೀನು, ಒಂದೂವರೆ ಗ್ರಾಮಿನಷ್ಟು ಮಾತ್ರ ಕೊಬ್ಬು. ಇಂಥ ಲೆಕ್ಕಗಳನ್ನು ನೋಡಿ ಅನೇಕ ದೇಶಗಳ ಯುವಕರು ಈ ಕಸುಬಿಗೆ ಇಳಿದಿದ್ದಾರೆ. ‘ಕಡಿಮೆ ಬಂಡವಾಳ, ಹೆಚ್ಚು ಲಾಭ’ ಎಂಬ ಪ್ರಚಾರ ಇಂಟರ್‌ನೆಟ್ಟಿನಲ್ಲೂ ಧಾರಾಳವಾಗಿದೆ. ಆದರೆ ಲಾಭದ ಲೆಕ್ಕದಲ್ಲಿ ಕಾಣದ ಬಾಬತ್ತೊಂದಿದೆ. ಬರಿಗಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ಶಿಲೀಂಧ್ರ, ಪರೋಪಜೀವಿಗಳ ಬಾಬತ್ತು ಅದು. ಅದನ್ನು ಅರಿಯದೆ ಬಸವನ ಹುಳುವನ್ನು ಸಾಕುವುದೂ ಸರಿಯಲ್ಲ, ತಿನ್ನುವುದೂ ಸರಿಯಲ್ಲ. ಮಳೆಗಾಲದಲ್ಲಿ ಅಂಗಳಕ್ಕೆ ಬಂದ ಹುಳುವನ್ನು ಆಟಕ್ಕೆಂದು ಕೈಗೆತ್ತಿಕೊಳ್ಳುವ ಮಕ್ಕಳಿರುವ ಮನೆಯವರಂತೂ ಇದನ್ನು ತಿಳಿದಿರಲೇಬೇಕು.

ಎರಡು ಸಾವಿರ ವರ್ಷದ ಕಸುಬು

ಬಸವನ ಹುಳು ಸಾಕಣೆ ಇಂದು ನಿನ್ನೆಯದಲ್ಲ. ರೋಮನ್ ಲೇಖಕ ಹಿರಿಯ ಪ್ಲಿನಿ ತನ್ನ ಬೃಹತ್ ವಿಶ್ವಕೋಶದಲ್ಲಿ ಫುಲ್ವಿಯಸ್ ಲಿಪ್ಪಿನಸ್ ಎಂಬಾತನ ಹೆಸರು ಹೇಳುತ್ತಾನೆ. ಕ್ರಿಸ್ತಪೂರ್ವ 49ರಲ್ಲಿ ಸೀಸರ್ ಮತ್ತು ಪಾಂಪೆಯ ನಡುವೆ ಅಂತರ್ಯುದ್ಧ ಶುರುವಾಗುವುದಕ್ಕೆ ತುಸು ಮೊದಲು ಈತ ಇಟಲಿಯ ಟಾರ್ಕ್ವಿನಿಯ ಬಳಿ ಬಸವನ ಹುಳುಗಳ ದೊಡ್ಡಿಗಳನ್ನು ಕಟ್ಟಿಸಿದ್ದ. ಒಂದೊಂದು ಜಾತಿಗೂ ಬೇರೆ ಬೇರೆ ದೊಡ್ಡಿ. ಆಫ್ರಿಕದ್ದು ಒಂದು ಕಡೆ, ಇಲ್ಲಿರಿಯದ್ದು ಇನ್ನೊಂದು ಕಡೆ. ದ್ರಾಕ್ಷಾರಸ, ಹಿಟ್ಟು ಕಲಸಿದ ಮೇವು ಹಾಕಿ ಅವನ್ನು ಕೊಬ್ಬಿಸುತ್ತಿದ್ದನಂತೆ.

ಇಂದು ಯೂರೋಪಿನಲ್ಲಿ ಹೆಚ್ಚಾಗಿ ಸಾಕುವುದು ‘ಪೆತಿ ಗ್ರಿ’ ಮತ್ತು ‘ಗ್ರೋ ಗ್ರಿ’ ಎಂಬ ಬೂದು ಬಣ್ಣದ ಹುಳುಗಳನ್ನು. ಫ್ರೆಂಚರು ಮೆಚ್ಚುವ ದೊಡ್ಡ ‘ಬರ್ಗಂಡಿ’ ಹುಳು ನಿಧಾನವಾಗಿ ಬೆಳೆಯುವುದರಿಂದ ಸಾಕಣೆಗೆ ಅಷ್ಟಾಗಿ ಒಗ್ಗುವುದಿಲ್ಲ. ಅದನ್ನು ಕಾಡು, ಬೇಲಿಸಾಲುಗಳಲ್ಲಿ ಹೆಕ್ಕುತ್ತಾರೆ. ಹೆಕ್ಕಿ ಹೆಕ್ಕಿ ಸಂತತಿ ಕುಸಿಯತೊಡಗಿದಾಗ, ಏಪ್ರಿಲ್ 1ರಿಂದ ಜೂನ್ 30ರವರೆಗೆ ಅದನ್ನು ಹಿಡಿಯಬಾರದೆಂದು ಫ್ರಾನ್ಸ್ 1979ರಲ್ಲಿ ನಿಯಮ ಮಾಡಿತು. ಪಶ್ಚಿಮ ಆಫ್ರಿಕದಲ್ಲಿ ಅಂಗೈ ತುಂಬುವಷ್ಟು ದೊಡ್ಡ ಅಕಾಟಿನಾ ಜಾತಿಗಳದ್ದೇ ರಾಜ್ಯಭಾರ. ಅಲ್ಲಿಯೂ ಕಾಡು ಬರಿದಾದಂತೆ ದೊಡ್ಡಿಗಳು ಹೆಚ್ಚುತ್ತಿವೆ.

ಕಾಡಿನಲ್ಲಿ ಚದುರಿ ಬದುಕುವ ಪ್ರಾಣಿಯನ್ನು ಬೇಲಿಯೊಳಗೆ ಸಾವಿರಗಟ್ಟಲೆ ಕೂಡಿಹಾಕಿದಾಗ ಅದರ ರೋಗಾಣುಗಳನ್ನೂ ಕೂಡಿಹಾಕಿದಂತೆಯೇ ಆಗುತ್ತದೆ. ಕೋಳಿ ಸಾಕುವವರು, ಸಿಗಡಿ ಸಾಕುವವರು ಪೆಟ್ಟು ತಿಂದು ಕಲಿತ ಪಾಠ ಇದು. ಬಸವನ ಹುಳುವೂ ಈ ನಿಯಮಕ್ಕೆ ಹೊರತಲ್ಲ.

ನೆಲವನ್ನೇ ಕೆರೆಯುವ ನಾಲಗೆ

ಬಸವನ ಹುಳುವಿನ ದೇಹರಚನೆಯನ್ನು ನೋಡಿದರೆ ಅಪಾಯದ ಅರ್ಧ ಕತೆ ತಿಳಿಯುತ್ತದೆ. ಅದಕ್ಕಿರುವುದು ಒಂದೇ ಪಾದ. ಇಡೀ ಪಾದವನ್ನು ನೆಲಕ್ಕೆ ಅಂಟಿಸಿಕೊಂಡೇ ಅದು ಸಾಗಬೇಕು. ಬಾಯೊಳಗೆ ಅರದಂಥ ನಾಲಗೆಯಿದ್ದು ಅದರ ಮೇಲೆ ಸಾವಿರಾರು ಸೂಕ್ಷ್ಮ ಹಲ್ಲುಗಳಿರುತ್ತವೆ. ಎಲೆ, ಪಾಚಿ, ಕೊಳೆತ ಹಣ್ಣು, ಬೂಸ್ಟು ಯಾವುದನ್ನಾದರೂ ಅದು ಕೆರೆದು ತಿನ್ನುತ್ತದೆ. ಚಿಪ್ಪು ಗಟ್ಟಿಯಾಗಲು ಸುಣ್ಣ ಬೇಕಾದ್ದರಿಂದ ಮಣ್ಣನ್ನೂ ತಿನ್ನುತ್ತದೆ. ಅನೇಕ ಜಾತಿಗಳು ಬೇರೆ ಪ್ರಾಣಿಗಳ ಹಿಕ್ಕೆಯನ್ನೂ ಬಿಡುವುದಿಲ್ಲ. ಮೊಟ್ಟೆ ಇಡುವುದು ಕೂಡ ಮಣ್ಣಿನೊಳಗೇ.

ಹೀಗಾಗಿ ಒಂದು ಬಸವನ ಹುಳುವಿನ ಕರುಳೆಂದರೆ ಅದು ತೆವಳಿದ ನೆಲದ ಸೂಕ್ಷ್ಮಜೀವಿಗಳ ಸಂಗ್ರಹಾಲಯವೇ. ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಗಟ್ಟಿ ಸಸ್ಯನಾರನ್ನು ಅರಗಿಸಲು ಹುಳುವಿಗೆ ನೆರವಾಗುವ ಬ್ಯಾಕ್ಟೀರಿಯಾಗಳೂ ಅಲ್ಲಿವೆ. ಆದರೆ ನೆಲ ಹೊಲಸಾಗಿದ್ದರೆ ಆ ಹೊಲಸೂ ಕರುಳಿಗೆ ಇಳಿಯುತ್ತದೆ. ಮಾಂಸಕ್ಕಾಗಿ ಕಡಿದ ಕುರಿಯ ಕರುಳನ್ನು ಕಟುಕ ಬೇರ್ಪಡಿಸುತ್ತಾನೆ. ಬೆರಳುದ್ದದ ಬಸವನ ಹುಳುವನ್ನು ಕರುಳು ಸಮೇತ ಬೇಯಿಸಿ ತಿನ್ನುವ ರೂಢಿ ಅನೇಕ ಕಡೆ ಇದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಇನ್ನು ಲೋಳೆಯ ಮಾತು. ಬಸವನ ಹುಳುವಿನ ಲೋಳೆಗೆ ರೋಗಾಣು ಕೊಲ್ಲುವ ಶಕ್ತಿಯಿದೆ ಎಂದು ಹಲವರು ಹೇಳುವುದುಂಟು. ಅದು ಪೂರ್ತಿ ಸುಳ್ಳಲ್ಲ. 1980ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಆಫ್ರಿಕದ ದೈತ್ಯ ಬಸವನ ಹುಳುವಿನ ಲೋಳೆಯಿಂದ ‘ಅಕಾಸಿನ್’ ಎಂಬ ಪ್ರೋಟೀನನ್ನು ಬೇರ್ಪಡಿಸಿದರು. ಪ್ರಯೋಗಾಲಯದಲ್ಲಿ ಅದು ಹಲವು ಬ್ಯಾಕ್ಟೀರಿಯಾಗಳನ್ನು ಕೊಲ್ಲಬಲ್ಲದೆಂದು ತೋರಿಸಿದರು. ಆದರೆ ಇದು ಹುಳು ತನ್ನ ಚರ್ಮವನ್ನು ಕಾಪಾಡಿಕೊಳ್ಳಲು ಮಾಡಿಕೊಂಡ ಏರ್ಪಾಡು. ಅದರ ಕರುಳಿನಲ್ಲಿ, ಚಿಪ್ಪಿನ ಸಂದಿನಲ್ಲಿ, ಲೋಳೆಗೆ ಅಂಟಿದ ಮಣ್ಣಿನಲ್ಲಿ ಇರುವ ರೋಗಾಣುಗಳೆಲ್ಲ ಇದರಿಂದ ಸಾಯುವುದಿಲ್ಲ. ಕೆಮ್ಮಿಗೆ ಮದ್ದೆಂದು ಹಸಿ ಲೋಳೆಯನ್ನೋ ಹಸಿ ಹುಳುವನ್ನೋ ನುಂಗುವುದು ಅಪಾಯವನ್ನು ಕರೆದು ಮಣೆ ಹಾಕಿದಂತೆ.

ನೈಜೀರಿಯಾದ ಸಾಕ್ಷ್ಯ

ಪಶ್ಚಿಮ ಆಫ್ರಿಕದ ಜನ ತಿನ್ನುವ ‘ಹುಲಿ ಬಸವನ ಹುಳು’ವನ್ನು ಪರೀಕ್ಷೆಗೆ ಒಡ್ಡಿದ ಅಧ್ಯಯನವೊಂದು 1980ರಲ್ಲಿ ನೈಜೀರಿಯಾದಿಂದ ಪ್ರಕಟವಾಯಿತು. ಆ ಹುಳುಗಳಲ್ಲಿ ಸಿಕ್ಕಿದ್ದು ಸಾಲ್ಮೊನೆಲ್ಲಾ, ಶಿಗೆಲ್ಲಾ ಮತ್ತು ಏರೊಮೊನಾಸ್ ಎಂಬ ಬ್ಯಾಕ್ಟೀರಿಯಾಗಳು. ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಮೂರೂ ಹೆಸರು ಪರಿಚಿತವೇ. ಆದರೂ ಒಂದೊಂದರ ಕತೆಯನ್ನು ನೋಡುವುದು ಒಳ್ಳೆಯದು.

ಸಾಲ್ಮೊನೆಲ್ಲಾ ಪತ್ತೆಯಾದದ್ದು 1885ರಲ್ಲಿ, ಅಮೆರಿಕದಲ್ಲಿ. ಕಂಡುಹಿಡಿದವನು ಥಿಯೊಬಾಲ್ಡ್ ಸ್ಮಿತ್ ಎಂಬ ಯುವ ವಿಜ್ಞಾನಿ. ಹೆಸರು ಬಂದದ್ದು ಮಾತ್ರ ಅವನ ಮೇಲಧಿಕಾರಿ ಡೇನಿಯಲ್ ಸಾಲ್ಮನ್ನನಿಗೆ! ಇದರಲ್ಲಿ 2,500ಕ್ಕೂ ಹೆಚ್ಚು ಬಗೆಗಳಿವೆ. ಟೈಫಾಯಿಡ್ ತರುವ ಬಗೆ ಮನುಷ್ಯನಲ್ಲಿ ಮಾತ್ರ ನೆಲೆಸುತ್ತದೆ. ಉಳಿದವುಗಳಲ್ಲಿ ಅನೇಕವು ಕೋಳಿ, ಹಂದಿ, ಹಲ್ಲಿ, ಆಮೆಗಳ ಕರುಳಿನಲ್ಲಿದ್ದು ಆಹಾರದ ಮೂಲಕ ಮನುಷ್ಯನಿಗೆ ದಾಟುತ್ತವೆ. ದೇಹ ಸೇರಿದ ಆರರಿಂದ 72 ಗಂಟೆಗಳೊಳಗೆ ಜ್ವರ, ಹೊಟ್ಟೆನುಲಿತ, ಭೇದಿ. ಗಟ್ಟಿ ದೇಹದವರು ಕೆಲವು ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೂಸುಗಳು, ಮುದುಕರು, ಬೇರೆ ಕಾಯಿಲೆಯಿಂದ ಸೊರಗಿದವರು ಪ್ರಾಣಕ್ಕೇ ಎರವಾಗಬಹುದು.

ಶಿಗೆಲ್ಲಾದ ಕತೆ ಇನ್ನೂ ಸ್ವಾರಸ್ಯದ್ದು. 1897ರಲ್ಲಿ ಜಪಾನಿನಲ್ಲಿ ಆಮಶಂಕೆ ಹರಡಿದ್ದಾಗ ಕಿಯೊಶಿ ಶಿಗಾ ಅದನ್ನು ಗುರುತಿಸಿದ. ಅದರ ಸಹಜ ನೆಲೆ ಮನುಷ್ಯನ ಮತ್ತು ಕೋತಿ-ವಾನರಗಳ ಕರುಳು. ಹಾಗಾದರೆ ಕಾಡಿನ ಬಸವನ ಹುಳುವಿನೊಳಗೆ ಅದು ಹೇಗೆ ಬಂತು? ಉತ್ತರ ಸರಳ. ಮನುಷ್ಯನ ಮಲ ಬೆರೆತ ನೆಲದ ಮೇಲೋ ನೀರಿನಲ್ಲೋ ಹುಳು ಓಡಾಡಿರಬೇಕು, ಇಲ್ಲವೇ ತೊಳೆಯದ ಕೈಗಳು ಅದನ್ನು ಮುಟ್ಟಿರಬೇಕು. ಎಂದರೆ ಹುಳುವಿನಲ್ಲಿ ಸಿಕ್ಕ ಶಿಗೆಲ್ಲಾ ಹುಳುವಿನ ಮೇಲಿನ ದೂರಲ್ಲ. ಅದು ಮನುಷ್ಯನ ಮೇಲೇ ಹುಳು ನುಡಿದ ಸಾಕ್ಷಿ.

ಏರೊಮೊನಾಸ್ ನೀರಿನಲ್ಲಿ, ಕೆಸರಿನಲ್ಲಿ ಬದುಕುವ ಬ್ಯಾಕ್ಟೀರಿಯಾ. ಮೀನು, ಕಪ್ಪೆಗಳಿಗೆ ರೋಗ ತರುವುದರಲ್ಲಿ ಅದು ಕುಖ್ಯಾತ. ದೈತ್ಯ ಬಸವನ ಹುಳುಗಳ ಕುರಿತು ಬಾಳಿಡೀ ಅಧ್ಯಯನ ಮಾಡಿದ ಅಮೆರಿಕದ ಆಲ್ಬರ್ಟ್ ಮೀಡ್ ಮತ್ತು ಸಂಗಡಿಗರು, ಅದು ಬಸವನ ಹುಳುವಿಗೂ ರೋಗ ತರಬಲ್ಲದೆಂದು 1970ರಲ್ಲಿ ವರದಿ ಮಾಡಿದ್ದರು. ಮನುಷ್ಯನಲ್ಲಿ ಅದು ಭೇದಿಗೂ, ಗಾಯದ ಮೂಲಕ ಒಳಹೊಕ್ಕರೆ ಕೀವಿಗೂ ಕಾರಣವಾಗಬಹುದು.

ಇದು ತಿನ್ನುವ ಹುಳುಗಳಿಗಷ್ಟೇ ಸಂಬಂಧಿಸಿದ್ದಲ್ಲ. ಅಲಂಕಾರಕ್ಕೆಂದು ಮೀನಿನ ತೊಟ್ಟಿಯಲ್ಲಿ ಬಿಡುವ ಬಸವನ ಹುಳುಗಳಲ್ಲೂ ಸಾಲ್ಮೊನೆಲ್ಲಾ ಇದೆಯೆಂದು 1976ರಲ್ಲೇ ಕೆನಡಾದ ಸಂಶೋಧಕರು ತೋರಿಸಿದ್ದರು. ತೊಟ್ಟಿಗೆ ಕೈಹಾಕಿ ಹಾಗೇ ತಿಂಡಿ ತಟ್ಟೆಗೆ ಕೈಯಿಡುವ ಮಕ್ಕಳ ಮನೆಯಲ್ಲಿ ಈ ಮಾತು ನೆನಪಿರಬೇಕು.

ಇಕ್ಕಟ್ಟಿನ ದೊಡ್ಡಿಯಲ್ಲಿ

ಸಾಕಣೆದಾರನ ಮೊದಲ ಶತ್ರು ದುರಾಸೆ. ಒಂದು ಚದರ ಮೀಟರಿನಲ್ಲಿ ಹೆಚ್ಚು ಹುಳು ತುಂಬಿದರೆ ಹೆಚ್ಚು ಮಾಂಸ ಸಿಗುತ್ತದೆಂದು ಅವನು ಲೆಕ್ಕ ಹಾಕುತ್ತಾನೆ. ಆಗುವುದು ಬೇರೆಯೇ. ಹುಳು ಹೆಚ್ಚಿದಂತೆ ಲೋಳೆ, ಹಿಕ್ಕೆ ಹೆಚ್ಚುತ್ತದೆ. ನೆಲ ಜಿಗುಟಾಗುತ್ತದೆ. ಹುಳುಗಳ ಬೆಳವಣಿಗೆ ಕುಂಠಿತವಾಗುತ್ತದೆ. ಸ್ಯೂಡೊಮೊನಾಸ್ ಎರುಜಿನೋಸಾ ಎಂಬ ಬ್ಯಾಕ್ಟೀರಿಯಾ ಇಂಥ ದಟ್ಟಣೆಗೇ ಕಾದಿರುತ್ತದೆ. ಒಂದು ಹುಳುವಿನ ಕರುಳಿಗೆ ಅದು ತಗಲಿದರೆ ಸಾಕು, ಇಕ್ಕಟ್ಟಿನ ದೊಡ್ಡಿಯಲ್ಲಿ ಬೇಗನೆ ಹರಡಿಬಿಡುತ್ತದೆ. ಇದೇ ಬ್ಯಾಕ್ಟೀರಿಯಾ ಆಸ್ಪತ್ರೆಗಳಲ್ಲಿ ಸುಟ್ಟಗಾಯದ ರೋಗಿಗಳನ್ನು ಕಾಡುವ, ಹಲವು ಆಂಟಿಬಯಾಟಿಕ್‌ಗಳಿಗೆ ಬಗ್ಗದ ಹಟಮಾರಿ. ಕೈಯಲ್ಲಿ ಗಾಯವಿರುವ ಕೆಲಸಗಾರ ಕೈಗವಸಿಲ್ಲದೆ ದೊಡ್ಡಿಗೆ ಇಳಿಯಬಾರದು ಎನ್ನುವುದು ಇದಕ್ಕೇ.

ಮೊಟ್ಟೆಗಳನ್ನು ಕಾಡುವುದು ಶಿಲೀಂಧ್ರ. ಫ್ಯುಸೇರಿಯಂ ಎಂಬ ಬೂಸ್ಟು ತಗಲಿದ ಮೊಟ್ಟೆಗಳು ನಸುಗೆಂಪಾಗಿ ಹಾಳಾಗುತ್ತವೆ. ಇದಲ್ಲದೆ ಉಣ್ಣೆಯ ಜಾತಿಯ ಸಣ್ಣ ಜೀವಿಗಳು, ದಾರದಂಥ ದುಂಡುಹುಳುಗಳು, ನೊಣದ ಮರಿಗಳು ಬೇರೆ.

ಮೇವಿನದು ಇನ್ನೊಂದು ತಲೆನೋವು. ಹುಳು ಚುರುಕಾಗಿರಲು ದೊಡ್ಡಿಯಲ್ಲಿ ತೇವ ಬೇಕು. ಆದರೆ ತೇವದಲ್ಲಿ ಹಿಟ್ಟಿನ ಮೇವು ಬೇಗ ಹುಳಿಯುತ್ತದೆ. ಬ್ಯಾಕ್ಟೀರಿಯಾಕ್ಕೆ ಅದೇ ಹಬ್ಬ. ಅನುಕೂಲ ಒದಗಿದರೆ ಸಾಲ್ಮೊನೆಲ್ಲಾ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ. ಒಂದು ಬ್ಯಾಕ್ಟೀರಿಯಾ ಒಂದು ಗಂಟೆಯಲ್ಲಿ ಎಂಟಾಗುತ್ತದೆ. ಆರು ಗಂಟೆಗೆ 2,62,144. ಏಳನೇ ಗಂಟೆಗೆ ಸುಮಾರು 21 ಲಕ್ಷ! ಬೆಳಿಗ್ಗೆ ಹಾಕಿ ಉಳಿದ ಮೇವನ್ನು ಸಂಜೆಯವರೆಗೂ ಬಿಡಬಾರದೆಂಬ ನಿಯಮದ ಹಿಂದಿರುವುದು ಈ ಗಣಿತ. ಕೋಳಿಗೊಬ್ಬರವನ್ನು ಹಸಿಯಾಗಿಯೇ ಮಣ್ಣಿಗೆ ಬೆರೆಸುವುದು, ಕೊಳಚೆ ನೀರು ಚಿಮುಕಿಸುವುದು ದೊಡ್ಡಿಗೆ ರೋಗವನ್ನು ಬಿತ್ತಿದಂತೆಯೇ ಸರಿ.

ಒಳ್ಳೆಯ ಸಾಕಣೆದಾರ ದಿನವೂ ಸತ್ತ ಹುಳುಗಳನ್ನು ಹೆಕ್ಕಿ ತೆಗೆಯುತ್ತಾನೆ. ಒಂದು ತಂಡ ಮುಗಿದ ಮೇಲೆ ದೊಡ್ಡಿಯನ್ನು ಬಿಸಿಲಿಗೆ ಬಿಟ್ಟು ನೆಲಕ್ಕೆ ವಿಶ್ರಾಂತಿ ಕೊಡುತ್ತಾನೆ. ಹೊಸದಾಗಿ ತಂದ ಹುಳುಗಳನ್ನು ಕೆಲವು ದಿನ ಬೇರೆಯಾಗಿಯೇ ಇಡುತ್ತಾನೆ. ಬೇಲಿಯ ಸುತ್ತ ಇಲಿಗಳು ಸುಳಿಯದಂತೆ ಎಚ್ಚರ ವಹಿಸುತ್ತಾನೆ. ಈ ಇಲಿಯ ವಿಚಾರ ಮುಂದೆ ಬರಲಿದೆ.

ಕುದಿಯುವ ನೀರು, ಬೆಣ್ಣೆ ಸವರುವ ಕೈ

ದೊಡ್ಡಿಯಿಂದ ತಟ್ಟೆಗೆ ಬರುವ ದಾರಿಯಲ್ಲಿ ಹಲವು ಬಾಗಿಲುಗಳಿವೆ. ಒಂದೊಂದನ್ನೂ ರೋಗಾಣುವಿಗೆ ಮುಚ್ಚಬೇಕು.

ಮೊದಲನೆಯದು ಉಪವಾಸ. ಹಿಡಿದ ಹುಳುಗಳನ್ನು ಹಲವು ದಿನ ಮೇವಿಲ್ಲದೆ ಶುಚಿಯಾದ ಗೂಡಿನಲ್ಲಿ ಇಡುತ್ತಾರೆ. ಕರುಳು ಖಾಲಿಯಾಗಲಿ ಎಂಬುದು ಉದ್ದೇಶ. ಇದರಿಂದ ಮಣ್ಣು, ಹಿಕ್ಕೆ, ಹುಳು ತಿಂದ ವಿಷದೆಲೆಯ ಚೂರು ಹೊರಹೋಗುತ್ತವೆ. ಆದರೆ ಕರುಳಿನ ಗೋಡೆಗೆ ಅಂಟಿದ ಬ್ಯಾಕ್ಟೀರಿಯಾ ಉಪವಾಸದಿಂದಷ್ಟೇ ಹೋಗುವುದಿಲ್ಲ.

ಎರಡನೆಯದು ಆಯ್ಕೆ. ಯೂರೋಪಿಯನ್ ಒಕ್ಕೂಟದ 2004ರ ಆಹಾರ ನಿಯಮಗಳಲ್ಲಿ ಬಸವನ ಹುಳುವಿಗೆಂದೇ ಒಂದು ಭಾಗವಿದೆ. ಸಂಸ್ಕರಣೆಗೆ ಮೊದಲೇ ಸತ್ತಿದ್ದ ಹುಳುವನ್ನು ಮನುಷ್ಯರ ಆಹಾರಕ್ಕೆ ಬಳಸುವಂತಿಲ್ಲ. ಅದರ ಜೀರ್ಣಗ್ರಂಥಿಯಿಂದ ಅಪಾಯವಿರಬಹುದಾದರೆ ಆ ಭಾಗವನ್ನು ತೆಗೆದುಹಾಕಲೇಬೇಕು. ಸತ್ತ ಹುಳುವಿನಲ್ಲಿ ಕೊಳೆತ ಎಷ್ಟು ವೇಗವಾಗಿ ಸಾಗುತ್ತದೆಂದು ಅದರ ದುರ್ವಾಸನೆಯೇ ಸಾರಿ ಹೇಳುತ್ತದೆ.

ಮೂರನೆಯದು ಬೆಂಕಿ. ಲೋಳೆ ತೆಗೆಯಲು ಉಪ್ಪು, ನಿಂಬೆರಸ, ವಿನೆಗರ್, ಪಟಿಕದಲ್ಲಿ ಉಜ್ಜುವ ಪದ್ಧತಿ ಒಂದೊಂದು ದೇಶದಲ್ಲಿ ಒಂದೊಂದು ಬಗೆ. ಲೋಳೆ ಹೋಗುತ್ತದೆ ನಿಜ. ಆದರೆ ನಿಂಬೆ ಹಿಂಡಿದ್ದೇ ಬೇಯಿಸಿದ್ದಕ್ಕೆ ಸಮ ಎಂದು ತಿಳಿಯಬಾರದು. ಸಾಲ್ಮೊನೆಲ್ಲಾ, ಶಿಗೆಲ್ಲಾ ಸಾಯಬೇಕಾದರೆ ಮಾಂಸದ ನಡುಭಾಗಕ್ಕೂ ಶಾಖ ತಲುಪಬೇಕು. ನಡುಭಾಗ 70 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಎರಡು ನಿಮಿಷ ಹಾಗೇ ನಿಂತರೆ ಇಂಥ ಬ್ಯಾಕ್ಟೀರಿಯಾಗಳ ಆಟ ಮುಗಿದಂತೆ. ಚಿಪ್ಪಿನೊಳಗೆ ಮುದುಡಿ ಕುಳಿತ ಹುಳುವನ್ನು ಕುದಿನೀರಲ್ಲಿ ಒಮ್ಮೆ ಅದ್ದಿ ತೆಗೆದರೆ ಹೊರಮೈ ಮಾತ್ರ ಬೆಂದಿರುತ್ತದೆ. ಫ್ರೆಂಚ್ ಬಾಣಸಿಗರು ಚಿಪ್ಪಿನಿಂದ ಬಿಡಿಸಿ, ಕರುಳು ತೆಗೆದು, ಮತ್ತೆ ದೀರ್ಘಕಾಲ ಸಾರಿನಲ್ಲಿ ಬೇಯಿಸುವುದು ಮೆದುವಾಗಲೆಂದು. ಜೊತೆಗೆ ಆರೋಗ್ಯವೂ ಕಾಯುತ್ತದೆ.

ನಾಲ್ಕನೆಯ ಬಾಗಿಲನ್ನು ಹಲವರು ಮರೆಯುತ್ತಾರೆ. ಬರ್ಗಂಡಿ ಪದ್ಧತಿಯ ಅಡುಗೆಯಲ್ಲಿ ಬೆಂದ ಮಾಂಸವನ್ನು ಮತ್ತೆ ಚಿಪ್ಪಿನೊಳಗೆ ತುಂಬಿ ಬೆಳ್ಳುಳ್ಳಿ-ಸೊಪ್ಪು ಬೆರೆಸಿದ ಬೆಣ್ಣೆಯಿಂದ ಬಾಯಿ ಮುಚ್ಚುತ್ತಾರೆ. ಬೆಂದದ್ದಕ್ಕೆ ಮತ್ತೆ ಕೈ ಸೋಕುವುದು ಇಲ್ಲಿಯೇ. ಚಿಪ್ಪನ್ನು ಕುದಿಸದಿದ್ದರೆ, ಕೈ ಶುಚಿಯಾಗಿರದಿದ್ದರೆ ಹೊರಗೆ ಹೋದ ಕಳ್ಳ ಹಿತ್ತಿಲ ಬಾಗಿಲಿನಿಂದ ಒಳಬಂದಂತೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾಕ್ಕೆ ಇಂಥ ಅವಕಾಶವೇ ಬೇಕು. ಫ್ರಿಜ್ಜಿನ ನಾಲ್ಕು ಡಿಗ್ರಿ ಚಳಿಯಲ್ಲೂ ಅದು ನಿಧಾನವಾಗಿ ಬೆಳೆಯುತ್ತದೆ. ಬಸುರಿಯರಿಗೆ ಇದು ತಗಲಿದರೆ ಹೊಟ್ಟೆಯೊಳಗಿನ ಕೂಸಿಗೇ ಕುತ್ತು.

ಡಬ್ಬಿಯಲ್ಲಿ ತುಂಬಿಡುವ ಬಸವನ ಹುಳುವಿನದು ಮತ್ತೊಂದು ಕತೆ. ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಗಳಿರುತ್ತವೆ. ಕುದಿಯುವ ನೀರಿಗೂ ಅವು ಜಗ್ಗುವುದಿಲ್ಲ. ಗಾಳಿಯಾಡದ ಡಬ್ಬಿಯೊಳಗೆ ಮೊಳೆತು ನರಗಳನ್ನು ನಿಷ್ಕ್ರಿಯಗೊಳಿಸುವ ಭಯಂಕರ ವಿಷ ಉಗುಳುತ್ತವೆ. ಅವುಗಳ ನಾಶಕ್ಕೆ 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೂರು ನಿಮಿಷವಾದರೂ ಬೇಕು. ಕುಕ್ಕರಿನ ತತ್ವದ ಮೇಲೆ ನಡೆಯುವ ಕಾರ್ಖಾನೆಯ ಯಂತ್ರಗಳಲ್ಲಿ ಇದು ಸಾಧ್ಯ. ಮಣ್ಣಿನ ನಂಟಿರುವ ಇಂಥ ಮಾಂಸವನ್ನು ಮನೆಯಲ್ಲಿ ಬಾಟಲಿಗೆ ತುಂಬಿ ತಿಂಗಳುಗಟ್ಟಲೆ ಇಡುವ ಸಾಹಸ ಯಾರಿಗೂ ಬೇಡ.

ಇಲಿಯಿಂದ ಮಿದುಳಿಗೆ

ಬ್ಯಾಕ್ಟೀರಿಯಾಗಳ ಈ ಸಾಲಿಗೆ ಸೇರದ, ಆದರೆ ಬಸವನ ಹುಳುವಿನ ವಿಚಾರದಲ್ಲಿ ಬಿಡುವಂತೆಯೇ ಇಲ್ಲದ ಒಂದು ಪರೋಪಜೀವಿಯಿದೆ. ‘ಇಲಿಯ ಶ್ವಾಸಕೋಶದ ಹುಳು’ ಎಂದು ಅದನ್ನು ಕರೆಯುತ್ತಾರೆ. 1935ರಲ್ಲಿ ಚೀನದ ಗ್ವಾಂಗ್‌ಝೌ ನಗರದ ಇಲಿಗಳಲ್ಲಿ ಅದನ್ನು ಮೊದಲು ಗುರುತಿಸಲಾಯಿತು. ಹತ್ತು ವರ್ಷದ ಮೇಲೆ, 1945ರಲ್ಲಿ, ತೈವಾನಿನಲ್ಲಿ ಮನುಷ್ಯನಿಗೂ ಅದು ತಗಲಿದ್ದು ಗೊತ್ತಾಯಿತು.

ಅದರ ಜೀವನಚಕ್ರ ಹೀಗಿದೆ. ಬೆಳೆದ ಹುಳು ಇಲಿಯ ಶ್ವಾಸಕೋಶದ ರಕ್ತನಾಳದಲ್ಲಿ ವಾಸಿಸುತ್ತದೆ. ಮರಿಗಳು ಇಲಿಯ ಹಿಕ್ಕೆಯ ಜೊತೆ ಹೊರಬೀಳುತ್ತವೆ. ಹಿಕ್ಕೆಯನ್ನು ಬಸವನ ಹುಳು ತಿನ್ನುತ್ತದೆ. ಅದರ ದೇಹದಲ್ಲಿ ಮರಿಗಳು ಮುಂದಿನ ಹಂತಕ್ಕೆ ಬೆಳೆಯುತ್ತವೆ. ಆ ಬಸವನ ಹುಳುವನ್ನು ಇಲಿ ತಿಂದರೆ ಚಕ್ರ ಪೂರ್ತಿ. ಇಲಿಯ ಬದಲು ಮನುಷ್ಯ ಹಸಿಯಾಗಿಯೋ ಅರೆಬೆಂದದ್ದನ್ನೋ ತಿಂದರೆ ಮರಿಗಳು ದಾರಿ ತಪ್ಪುತ್ತವೆ. ಮಿದುಳಿನವರೆಗೆ ಹೋಗಿ ಅಲ್ಲಿಯೇ ಸಾಯುತ್ತವೆ. ಆಗ ಮಿದುಳ ಪೊರೆ ಉರಿಯೂತಕ್ಕೆ ಒಳಗಾಗುತ್ತದೆ. ತೀವ್ರ ತಲೆನೋವು, ಕತ್ತು ಬಿಗಿತ, ವಾಂತಿ, ಚರ್ಮದಲ್ಲಿ ಚುಚ್ಚಿದಂಥ ಅನುಭವ ಇವು ಲಕ್ಷಣಗಳು. ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳಲ್ಲಿ ಕಾಣಿಸಿಕೊಳ್ಳುತ್ತವೆ. ಹೆಚ್ಚಿನವರು ಗುಣವಾಗುತ್ತಾರೆ. ಕೆಲವರಿಗೆ ನರದ ಊನ ಉಳಿಯುತ್ತದೆ, ಸಾವೂ ಸಂಭವಿಸಬಹುದು.

2006ರಲ್ಲಿ ಬೀಜಿಂಗಿನಲ್ಲಿ ನೂರಕ್ಕೂ ಹೆಚ್ಚು ಜನ ಈ ರೋಗಕ್ಕೆ ತುತ್ತಾದರು. ಹೋಟೆಲೊಂದರಲ್ಲಿ ಸರಿಯಾಗಿ ಬೇಯಿಸದೆ ಬಡಿಸಿದ ಸಿಹಿನೀರಿನ ‘ಸೇಬು ಬಸವನ ಹುಳು’ ಅದಕ್ಕೆ ಕಾರಣವಾಗಿತ್ತು. ಅದೇ ವರ್ಷ ನೆರೆಯ ಕೇರಳದಿಂದಲೂ ಇಂಥ ಮಿದುಳಪೊರೆಯ ಉರಿಯೂತದ ಪ್ರಕರಣಗಳ ವೈದ್ಯಕೀಯ ವರದಿ ಪ್ರಕಟವಾಯಿತು. ಉಡದ ಮಾಂಸ ತಿಂದ ಹಿನ್ನೆಲೆ ಅಲ್ಲಿ ದಾಖಲಾಗಿತ್ತು. ಉಡ ಬಸವನ ಹುಳುವನ್ನು ತಿನ್ನುವ ಪ್ರಾಣಿ ಎಂಬುದನ್ನು ನೆನೆದರೆ ಕೊಂಡಿ ಅರ್ಥವಾಗುತ್ತದೆ.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ವ್ಯತ್ಯಾಸವಿದೆ. ಈ ಹುಳುವಿನ ಮರಿಗಳು ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಚಳಿಯಲ್ಲಿ 24 ಗಂಟೆ ಇಟ್ಟರೆ ಸಾಯುತ್ತವೆ. ಸಾಲ್ಮೊನೆಲ್ಲಾ, ಲಿಸ್ಟೀರಿಯಾಗಳು ಅದೇ ಚಳಿಯಲ್ಲಿ ನಿದ್ದೆ ಹೋಗುತ್ತವೆಯೇ ಹೊರತು ಎಲ್ಲವೂ ಸಾಯುವುದಿಲ್ಲ. ಎರಡು ಬಗೆಯ ಶತ್ರುಗಳಿಗೂ ನಂಬಬಹುದಾದ ಒಂದೇ ಅಸ್ತ್ರವೆಂದರೆ ಚೆನ್ನಾಗಿ ಬೇಯಿಸುವುದು.

ಕೊಡಗಿನ ತೋಟ, ಬೆಂಗಳೂರಿನ ಹಿತ್ತಿಲು

ಕರ್ನಾಟಕದಲ್ಲಿ ಬಸವನ ಹುಳುವನ್ನು ದೊಡ್ಡಿ ಕಟ್ಟಿ ಸಾಕುವುದು ವಾಡಿಕೆಯಲ್ಲ. ಆದರೆ ಸಾಕದಿದ್ದರೂ ಬಂದು ನೆಲೆಸಿದ ಅತಿಥಿಯೊಂದಿದೆ. ಆಫ್ರಿಕದ ದೈತ್ಯ ಬಸವನ ಹುಳುವನ್ನು 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ಮಾರಿಷಸ್ಸಿನಿಂದ ಕಲ್ಕತ್ತೆಗೆ ತಂದ. ಚಿಪ್ಪುಜೀವಿಗಳ ಬಗ್ಗೆ ಅವನಿಗೆ ವಿಪರೀತ ಕುತೂಹಲ. ತೋಟವೊಂದರಲ್ಲಿ ಬಿಟ್ಟ ಆ ಹುಳುಗಳ ಸಂತತಿ ಇಂದು ದೇಶದ ಬಹುಭಾಗಕ್ಕೆ ಹಬ್ಬಿದೆ. ಕೊಡಗಿನ ಶನಿವಾರಸಂತೆ ಸುತ್ತಿನ ಕಾಫಿ ಬೆಳೆಗಾರರು ಅದನ್ನು ‘ಶಂಖುಹುಳು’ ಎಂದು ಕರೆದು ಶಪಿಸುತ್ತಾರೆ. ಬೆಂಗಳೂರಿನ ಹಿತ್ತಿಲುಗಳಲ್ಲಿ ಪಪ್ಪಾಯಿ, ತರಕಾರಿ ಗಿಡಗಳನ್ನು ಅದು ರಾತ್ರೋರಾತ್ರಿ ಬೋಳಿಸುತ್ತದೆ.

ಇದನ್ನೇ ಹಿಡಿದು ಸಾಕಿದರೆ, ಮಾರಿದರೆ ಹೇಗೆ ಎಂಬ ಯೋಚನೆ ಯಾರಿಗಾದರೂ ಬರುವುದು ಸಹಜ. ಆದರೆ ಇಲಿಯ ಶ್ವಾಸಕೋಶದ ಹುಳುವನ್ನು ಹೊತ್ತು ತಿರುಗುವುದರಲ್ಲಿ ಈ ಜಾತಿ ಜಗತ್ತಿನಾದ್ಯಂತ ಹೆಸರು ಮಾಡಿದೆ. ತೋಟದ ಹುಳುವಿನ ಹೊಟ್ಟೆಯಲ್ಲಿ ರೈತರು ಹಾಕಿದ ಮೆಟಾಲ್ಡಿಹೈಡ್ ವಿಷದ ಗುಳಿಗೆಯೂ ಇದ್ದೀತು. ದೊಡ್ಡಿಯಿಂದ ತಪ್ಪಿಸಿಕೊಂಡ ಹುಳುಗಳು ಊರ ಬೆಳೆಗೆ ಮುಳುವಾಗುತ್ತವೆ. ಹೆಕ್ಕಿದ ಹುಳುವನ್ನು ತಿನ್ನುವ ಆಸೆಯಂತೂ ಬೇಡವೇ ಬೇಡ.

ಸದ್ಯಕ್ಕೆ ಕಾಳಜಿ ಬೇಕಾದದ್ದು ಕೈಗಳ ಬಗ್ಗೆ. ತೋಟದಲ್ಲಿ ಬಕೆಟ್ಟುಗಟ್ಟಲೆ ಶಂಖುಹುಳು ಆಯುವವರು ಬರಿಗೈಯಲ್ಲೇ ಆಯುವುದು ಸಾಮಾನ್ಯ. ಶಾಲೆಗೆ ಹೋಗುವ ಮಕ್ಕಳೂ ಆ ಕೆಲಸಕ್ಕೆ ಕೈಜೋಡಿಸುತ್ತಾರೆ. ಅಂಥವರೆಲ್ಲರೂ ತಿಳಿದಿರಬೇಕಾದ ಸರಳ ಸಂಗತಿಗಳು ಇವು:

* ಬಸವನ ಹುಳುವನ್ನು ಆಯುವಾಗ ಕೈಗವಸು ಹಾಕಿಕೊಳ್ಳಿ. ಅದಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಸುತ್ತಿಕೊಳ್ಳಿ.

* ಮುಟ್ಟಿದ ಮೇಲೆ ಸಾಬೂನು ಹಚ್ಚಿ, ಉಗುರಸಂದಿಯನ್ನೂ ಬಿಡದೆ ಹರಿಯುವ ನೀರಲ್ಲಿ ಕೈ ತೊಳೆಯಿರಿ. ತೊಳೆಯುವ ಮೊದಲು ಕಣ್ಣು, ಬಾಯಿ ಮುಟ್ಟಬೇಡಿ.

* ತೆವಳುವ ಕೂಸುಗಳನ್ನು ಹುಳು ಓಡಾಡುವ ಜಾಗದಿಂದ ದೂರವಿಡಿ. ಸಿಕ್ಕಿದ್ದನ್ನು ಬಾಯಿಗಿಡುವ ವಯಸ್ಸು ಅದು.

* ಹಸಿಯಾಗಿ ತಿನ್ನುವ ಸೊಪ್ಪು, ಎಲೆಕೋಸು, ಕೊತ್ತಂಬರಿಯ ಎಲೆ ಎಲೆಯನ್ನೂ ಬಿಡಿಸಿ ತೊಳೆಯಿರಿ. ಅಕ್ಕಿಕಾಳಿನಷ್ಟಿರುವ ಮರಿಹುಳು ಕಣ್ಣಿಗೆ ಬೀಳದೆ ಸೊಪ್ಪಿನಲ್ಲಿ ಉಳಿದುಬಿಡುತ್ತದೆ.

* ಪಂದ್ಯ ಕಟ್ಟಿ ಹಸಿ ಹುಳು ನುಂಗುವ ಹುಡುಗಾಟಿಕೆ ಬೇಡ. ಇಂಥ ಹುಡುಗಾಟದಿಂದ ಪ್ರಾಣ ಕಳೆದುಕೊಂಡವರಿದ್ದಾರೆ.

* ನರ್ತೆ, ಥರೋಯ್ ತಿನ್ನುವ ಮನೆಗಳಲ್ಲಿ ಚರಂಡಿ ಸೇರುವ ತೋಡು, ಕೆರೆಗಳಿಂದ ಅವನ್ನು ತರಬೇಡಿ. ಸತ್ತದ್ದನ್ನು ಎಸೆಯಿರಿ. ಒಳಗಿನವರೆಗೂ ಬೇಯುವಂತೆ ಬೇಯಿಸಿ. ಹಸಿಯದನ್ನು ಹೆಚ್ಚಿದ ಮಣೆ, ಈಳಿಗೆಯನ್ನು ತೊಳೆಯದೆ ಬೇರೆ ಅಡುಗೆಗೆ ಬಳಸಬೇಡಿ.

* ತಿಂದ ಮೇಲೆ ಭೇದಿ, ಜ್ವರ ಬಂದರೆ ಸಕ್ಕರೆ-ಉಪ್ಪಿನ ಜೀವಜಲ ಕುಡಿಸುತ್ತಾ ವೈದ್ಯರಲ್ಲಿಗೆ ಕರೆದೊಯ್ಯಿರಿ. ತಲೆನೋವು, ಕತ್ತುಬಿಗಿತ ಕಾಣಿಸಿದರೆ ತಡಮಾಡದೆ ಹೋಗಿ, ಬಸವನ ಹುಳು ಮುಟ್ಟಿದ್ದನ್ನೋ ತಿಂದದ್ದನ್ನೋ ಮುಚ್ಚಿಡದೆ ಹೇಳಿ. ವೈದ್ಯರಿಗೆ ಆ ಒಂದು ಮಾತೇ ದಾರಿ ತೋರಿಸೀತು.

ಆಹಾರದ ಸೂಕ್ಷ್ಮಜೀವಿಶಾಸ್ತ್ರ ಎಂಬುದು ಕಾಲೇಜಿನ ಪಠ್ಯಪುಸ್ತಕಕ್ಕಷ್ಟೇ ಮೀಸಲಾದ ವಿದ್ಯೆಯಲ್ಲ. ಯಾವುದೇ ಪ್ರಾಣಿಯನ್ನು ಹೊಸದಾಗಿ ಸಾಕಲು ಹೊರಟಾಗ ಅದು ಏನು ತಿನ್ನುತ್ತದೆ, ಯಾವ ನೆಲದಲ್ಲಿ ಬೆಳೆಯುತ್ತದೆ, ಯಾರ ಕೈ ಅದನ್ನು ಮುಟ್ಟುತ್ತದೆ, ಎಷ್ಟು ಬೇಯುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಬಸವನ ಹುಳುವಿನ ವಿಷಯದಲ್ಲಿ ಈ ನಾಲ್ಕಕ್ಕೂ ಸರಿಯಾದ ಉತ್ತರ ಕೊಟ್ಟವರು ಎರಡು ಸಾವಿರ ವರ್ಷಗಳಿಂದ ಅದನ್ನು ಉಂಡು ಅರಗಿಸಿಕೊಂಡಿದ್ದಾರೆ. ಒಂದನ್ನು ಮರೆತವರು ಆಸ್ಪತ್ರೆಯ ದಾರಿ ಹಿಡಿದಿದ್ದಾರೆ. ಹುಳು ತಾನಾಗಿ ರೋಗವನ್ನು ಹುಟ್ಟಿಸುವುದಿಲ್ಲ. ನೆಲಕ್ಕೆ ನಾವು ಏನು ಕೊಟ್ಟೆವೋ ಅದನ್ನೇ ನಿಧಾನವಾಗಿ ಹೊತ್ತು ನಮ್ಮ ಬಾಗಿಲಿಗೆ ತಂದು ಒಪ್ಪಿಸುತ್ತದೆ.